ಅಂಗಳದ ಕಲೆ

ನಮ್ಮ ಸೇಡಂ ಸೀಮೆಯಲ್ಲಿ ಮನೆ ಕಟ್ಟಿಸುವವನಿಗೆ ನೆಲಕ್ಕೇನು ಹಾಸಬೇಕೆಂಬ ಚಿಂತೆಯಿಲ್ಲ. ಶಹಾಬಾದಿನ ಕಲ್ಲು ಕೈಗೆಟಕುವಷ್ಟು ಹತ್ತಿರದಲ್ಲಿದೆ. ನಾವು ಫರಸಿಯೆನ್ನುವುದು ಅದನ್ನೇ. ಅದು ಭೂಮಿಯೊಳಗೆ ಹೊತ್ತಗೆಯ ಹಾಳೆಗಳಂತೆ ಪದರು ಪದರಾಗಿ ಕುಳಿತಿರುತ್ತದೆ. ಉಳಿಯಿಟ್ಟು ಮೀಟಿದರೆ ಹಾಳೆ ಹಾಳೆಯಾಗಿಯೇ ಏಳುತ್ತದೆ. ಹಳೆಯ ಮನೆಗಳಲ್ಲಿ ನೆಲಕ್ಕೂ ಅದೇ, ಮಾಳಿಗೆಗೂ ಅದೇ. ಬೇಸಗೆಯಲ್ಲಿ ತಂಪು, ಗುಡಿಸುವುದಕ್ಕೆ ಸುಲಭ, ಮೂರು ತಲೆಮಾರಿಗೂ ಸವೆಯದು. ಇಷ್ಟೆಲ್ಲ ಗುಣಗಳಿರುವ ಕಲ್ಲಿಗೆ ಒಂದೇ ಒಂದು ಅವಗುಣ: ಎಣ್ಣೆಯನ್ನು ಒಮ್ಮೆ ಕುಡಿಯಿತೆಂದರೆ ಮತ್ತೆ ಬಿಟ್ಟುಕೊಡುವುದಿಲ್ಲ.

ಈ ಅವಗುಣವು ನನಗೆ ತಿಳಿದುದು ನನ್ನ ಮನೆಯಾಕೆಯಿಂದ. ಬಾಗಿಲ ಮುಂದಿನ ಅಂಗಳದಲ್ಲಿ ಒಂದು ಮಗ್ಗುಲಿಗೆ ನಮ್ಮ ಜೀಪು ನಿಲ್ಲುತ್ತದೆ. ಅದರ ಹೊಟ್ಟೆಯ ಕೆಳಗೆ ಮೊದಲು ರೂಪಾಯಿಯಷ್ಟಗಲದ ಒಂದು ಕಲೆ ಕಂಡಿತು. ಯುಗಾದಿಯ ಹೊತ್ತಿಗೆ ಅದು ಜೋಳದ ರೊಟ್ಟಿಯಷ್ಟಾಯಿತು. ಶ್ರಾವಣ ಬರುವಷ್ಟರಲ್ಲಿ ಅದರ ಪಕ್ಕದಲ್ಲಿ ಎರಡು ಮರಿಗಳೂ ಹುಟ್ಟಿಕೊಂಡುವು. ಆಕೆ ಒಂದು ದಿನ ಮುಂಜಾನೆ ರಂಗೋಲಿಯ ಬಟ್ಟಲನ್ನು ಕೈಯಲ್ಲಿ ಹಿಡಿದು ನಿಂತು, “ಇನ್ನ ನಾ ಯಾಕ ರಂಗೋಲಿ ಹಾಕಬೇಕು? ನಿಮ್ಮ ಗಾಡಿನೇ ದಿನಾ ಹಾಕಲಾಕತ್ತದಲ್ರೀ” ಎಂದಳು. ನಾನು ನಕ್ಕುಬಿಟ್ಟೆನು. ಹಳೆಯ ಜೀಪಿನವರಲ್ಲಿ ಒಂದು ವಿನೋದದ ಮಾತುಂಟು: ಎಣ್ಣೆ ಸೋರುತ್ತಿದ್ದರೆ ಭಯವಿಲ್ಲ, ಸೋರುವುದು ನಿಂತರೆ ಒಳಗೆ ಎಣ್ಣೆ ಮುಗಿಯಿತೆಂದು ತಿಳಿಯಬೇಕು ಎಂದು. ಅದನ್ನೇ ಆಕೆಗೆ ಹೇಳಿದೆನು. ಆಕೆಗೆ ನಗು ಬರಲಿಲ್ಲ.

ಜೀಪಿನ ವಿಷಯವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಅಮೆರಿಕದ ವಿಲ್ಲಿಸ್ ಕಂಪನಿಯವರು ಎರಡನೆಯ ಮಹಾಯುದ್ಧಕ್ಕಾಗಿ ಕಟ್ಟಿದ ಆ ಗಾಡಿಯನ್ನು 1947ರಿಂದ ಮುಂಬಯಿಯ ಮಹೀಂದ್ರರು ನಮ್ಮ ದೇಶದಲ್ಲಿ ಜೋಡಿಸಲಾರಂಭಿಸಿದರು. ನಮ್ಮದು ಸಿಜೆ-3ಬಿ ಎಂಬ ಮಾದರಿಯದು. 1953ರಲ್ಲಿ ಅಮೆರಿಕದಲ್ಲಿ ಹೊರಟು, ತರುವಾಯ ಇಲ್ಲಿ ಬಹುಕಾಲ ತಯಾರಾದುದು. 2199 ಘನ ಸೆಂಟಿಮೀಟರಿನ ಅದರ ಎಂಜಿನು ಹಿಂದಿನದಕ್ಕಿಂತ ಎತ್ತರವಾದುದರಿಂದ ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ಆದಕಾರಣ ಎದುರಿನಿಂದ ನೋಡಿದರೆ ಈ ಗಾಡಿಗೆ ಹಣೆ ದೊಡ್ಡದೆಂದು ತೋರುವುದು. ನಮ್ಮ ತಂದೆಯವರು 1968ರ ಈ ಗಾಡಿಯನ್ನು 1974ರಲ್ಲಿ ಸರ್ಕಾರದ ಹರಾಜಿನಲ್ಲಿ ಕೊಂಡರು. ಆಗ ನಾವು ಸೇಡಮ್ಮಿಗೆ ಎರಡು ಹರದಾರಿ ದೂರದ ಹಳ್ಳಿಯಲ್ಲಿದ್ದೆವು. ತೊಗರಿಯ ಚೀಲ, ಮದುವೆಯ ದಿಬ್ಬಣ, ಜ್ವರ ಬಂದ ನೆರೆಯವರು, ಪರೀಕ್ಷೆಗೆ ಹೋಗುವ ಮಕ್ಕಳು, ಎಲ್ಲವನ್ನೂ ಎಲ್ಲರನ್ನೂ ಅದು ಹೊತ್ತಿದೆ. ತಂದೆಯವರು 2009ರಲ್ಲಿ ತೀರಿಕೊಂಡರು. ಅಂದಿನಿಂದ ಗಾಡಿಯ ಪಾಲನೆ ನನ್ನದು. ಪಾಲನೆಯೆಂದರೆ ವಾರಕ್ಕೊಮ್ಮೆ ಒರೆಸುವುದು, ಎಣ್ಣೆ ಕಡಮೆಯಾಯಿತೆಂಬ ಅನುಮಾನ ಬಂದಾಗಲೆಲ್ಲ ಎಣ್ಣೆ ಹೊಯ್ಯುವುದು. ನಾನು ಶಾಲೆಯ ಮಾಸ್ತರನಾಗಿದ್ದವನು. ಯಂತ್ರವಿದ್ಯೆಯಲ್ಲಿ ನನ್ನ ಯೋಗ್ಯತೆ ಅಷ್ಟೇ.

ಕಲೆಯು ರಂಗೋಲಿಯ ಜಗಳವಾಗಿಯೇ ಉಳಿದಿದ್ದರೆ ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಅದೇ ಶ್ರಾವಣದಲ್ಲಿ ನಮ್ಮ ಅವ್ವನನ್ನು ಮಳಖೇಡಕ್ಕೆ ಕರೆದುಕೊಂಡು ಹೋಗಿದ್ದೆನು. ಅವ್ವನಿಗೆ ಈಗ ಎಂಬತ್ತನಾಲ್ಕು ವರ್ಷ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಆ ಮಾನ್ಯಖೇಟದಲ್ಲಿ ಈಗ ಇರುವುದು ಹಳೆಯ ಕೋಟೆ, ಅದರ ಬುಡದಲ್ಲಿ ಹರಿಯುವ ಕಾಗಿಣಾ ಹೊಳೆ, ಮತ್ತು ಸುತ್ತಲೂ ನಮ್ಮ ಫರಸಿಯ ಮನೆಗಳು. ಹೊಳೆಯ ಕಡೆಗೆ ಇಳಿಜಾರಾದ ಒಂದು ಕಡೆಯಲ್ಲಿ ಗಾಡಿಯನ್ನು ನಿಲ್ಲಿಸಿ, ಹ್ಯಾಂಡ್ ಬ್ರೇಕನ್ನು ಎಳೆದು, ಅವ್ವನನ್ನು ಒಳಗೇ ಕೂಡಿಸಿ, ಅಂಗಡಿಯಿಂದ ತೆಂಗಿನಕಾಯಿ ತರಲು ಹೋದೆನು. ಗಾಡಿಯನ್ನು ಗೇರಿನಲ್ಲಿ ಬಿಟ್ಟಿರಲಿಲ್ಲ. ಅದು ನನ್ನ ತಪ್ಪು, ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಕಾಯಿಯನ್ನು ಕೈಯಲ್ಲಿ ಹಿಡಿದು ತಿರುಗುವಷ್ಟರಲ್ಲಿ ಜೀಪು ಮೆಲ್ಲಗೆ, ಸದ್ದೇ ಇಲ್ಲದೆ, ಹೊಳೆಯ ಕಡೆಗೆ ಹೊರಟಿತ್ತು.

ಹತ್ತು ಹದಿನೈದು ಮಾರು ಹೋಗಿರಬಹುದು. ಯಾರೋ ಮನೆ ಕಟ್ಟಿಸುವವರು ಒಟ್ಟಿದ್ದ ಫರಸಿಯ ರಾಶಿಗೆ ಮುಂದಿನ ಗಾಲಿ ತಗುಲಿ ನಿಂತಿತು. ನಾನು ಓಡಿದ ಓಟವನ್ನು ಈ ವಯಸ್ಸಿನಲ್ಲಿ ಇನ್ನೊಮ್ಮೆ ಓಡಲಾರೆ. ಅವ್ವ ಒಳಗೆ ಮುಂದಿನ ಕಂಬಿಯನ್ನು ಹಿಡಿದುಕೊಂಡು ಕುಳಿತೇ ಇದ್ದಳು. ನನ್ನ ಮುಖವನ್ನು ನೋಡಿ, “ನಿಮ್ಮಪ್ಪ ನಿಂದ್ರಿಸಿದ್ರ ಕಲ್ಲ ನಿಂತಂಗ ನಿಂದ್ರತಿತ್ತು” ಎಂದಳು; ಅಷ್ಟೇ. ಮನೆಗೆ ಬರುವವರೆಗೂ ಮತ್ತೊಂದು ಮಾತನ್ನಾಡಲಿಲ್ಲ.

ಆ ಸುದ್ದಿ ಹೈದರಾಬಾದಿನಲ್ಲಿರುವ ನನ್ನ ಕಿರಿಯ ತಮ್ಮನಿಗೆ ಅದೇ ರಾತ್ರಿ ಮುಟ್ಟಿತು. ಅವನು ಫೋನಿನಲ್ಲಿ ಸಿಟ್ಟಾದುದು ನ್ಯಾಯವೇ. “ಅಣ್ಣಾ, ಆ ಗುಜರಿಯನ್ನು ಮಾರಿಬಿಡು, ಅವ್ವನನ್ನು ಅದರಲ್ಲಿ ಇನ್ನೊಮ್ಮೆ ಕೂಡಿಸಿದರೆ ನಾನು ಸುಮ್ಮನಿರೆನು” ಎಂದನು. ಹದಿನೈದು ವರ್ಷ ಮೀರಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಬೇಕಾದ ತಾಪತ್ರಯವನ್ನೂ ಎತ್ತಿ ತೋರಿಸಿದನು. 2021ರಲ್ಲಿ ಕೇಂದ್ರ ಸರ್ಕಾರವು 50 ವರ್ಷ ತುಂಬಿದ, ಮೂಲರೂಪ ಕೆಡದ ಗಾಡಿಗಳಿಗೆಂದು ವಿಂಟೇಜ್ ಎಂಬ ಬೇರೆಯ ನೋಂದಣಿಯನ್ನು ಏರ್ಪಡಿಸಿರುವುದು ನಿಜ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನಕ್ಕೆ ಒಯ್ಯಬಹುದೇ ಹೊರತು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಓಡದೆ ನಿಂತ ಜೀಪನ್ನು ಇಟ್ಟುಕೊಂಡು ನಾನೇನು ಮಾಡಲಿ? ದೀಪಾವಳಿಯೊಳಗೆ ಸರಿಯಾಗದಿದ್ದರೆ ಮಾರುವುದೆಂದು ತಮ್ಮನಿಗೆ ಮಾತುಕೊಟ್ಟೆನು.

ಮರುದಿನವೇ ಒಂದು ಗ್ಯಾರೇಜಿಗೆ ಒಯ್ದೆನು. ಯಾವ ಊರಿನದೆಂದು ಹೇಳುವುದು ಬೇಡ. ಅವರು ನೋಡಿದ ಕೂಡಲೆ, “ಹಿಂದಿನ ಆಯಿಲ್ ಸೀಲ್ ಹೋಗಿದೆ” ಎಂದರು, ಹೊಸದನ್ನು ಹಾಕಿದರು, ಹಣ ಪಡೆದರು. ಎಂಟು ದಿನ ಅಂಗಳ ಒಣಗಿತ್ತು. ಒಂಬತ್ತನೆಯ ದಿನ ಮನೆಯಾಕೆ ಏನನ್ನೂ ಹೇಳದೆ ನನ್ನ ಚಹದ ಬಟ್ಟಲನ್ನು ಅಂಗಳಕ್ಕೇ ತಂದುಕೊಟ್ಟಳು. ಕಲೆಯ ಮೇಲೆ ಹೊಸ ಹನಿಗಳು ಹೊಳೆಯುತ್ತಿದ್ದುವು.

ಆಗ ನೆನಪಾದವರು ವಾಡಿಯ ಉಸ್ತಾದರು. ತಂದೆಯವರ ಕಾಲದಲ್ಲಿ ಗಾಡಿಗೆ ಅವರದೇ ಕೈ. ಈಗ ಎಪ್ಪತ್ತು ದಾಟಿದ ಅವರು ಗ್ಯಾರೇಜನ್ನು ಮಗನಿಗೆ ಒಪ್ಪಿಸಿ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿರುತ್ತಾರೆಂದು ಕೇಳಿದ್ದೆನು. ಫೋನು ಮಾಡಿ, ಗಾಡಿಯನ್ನು ತರಲೇ ಎಂದರೆ, “ಬ್ರೇಕ್ ಇಲ್ಲದ ಗಾಡಿ ತರಬ್ಯಾಡ್ರಿ ಮಾಸ್ಟರ್ ಸಾಬ್, ನಾನೇ ಬರ್ತೀನಿ” ಎಂದರು. ವಾಡಿಯಿಂದ ಸಿಕಂದರಾಬಾದಿನ ಕಡೆಗೆ ಕವಲೊಡೆಯುವ ರೈಲುಹಾದಿಯು ನಿಜಾಮರ ಕಾಲದಲ್ಲಿ, 1874ರಲ್ಲಿ, ಮುಗಿದುದು. ಚಿತ್ತಾಪುರ, ಸೇಡಂ, ತಾಂಡೂರುಗಳು ಅದೇ ಹಾದಿಯ ಮೇಲಿವೆ. ಆ ಹಾದಿಯ ಮುಂಜಾನೆಯ ಗಾಡಿಯಲ್ಲಿ ಉಸ್ತಾದರು ಒಂದು ಕೈಚೀಲದೊಡನೆ ಬಂದಿಳಿದರು. ಚೀಲದಲ್ಲಿ ನಾಲ್ಕು ಪಾನಾ, ಒಂದು ಬ್ಯಾಟರಿ ದೀಪ, ಮಡಿಸಿದ ಒಂದು ಚಾಪೆ.

ನಾನು ಎಣಿಸಿದ್ದುದು, ಬಂದವರೇ ಗಾಡಿಯ ಕೆಳಗೆ ಹೊಕ್ಕು ಏನನ್ನಾದರೂ ಬಿಚ್ಚುವರೆಂದು. ಅವರು ಕಟ್ಟೆಯ ಮೇಲೆ ಕುಳಿತು ಚಹ ಕುಡಿಯುತ್ತ ಪ್ರಶ್ನೆ ಕೇಳತೊಡಗಿದರು. ವೈದ್ಯನು ನಾಡಿ ಹಿಡಿಯುವ ಮುನ್ನ ಊಟ ನಿದ್ದೆಗಳನ್ನು ವಿಚಾರಿಸುವಂತೆ. ನಿಂತಾಗ ಸೋರುವುದೋ, ಓಡಿ ಬಂದ ಮೇಲೋ? ಓಡಿ ಬಂದ ಕೂಡಲೋ, ಆರಿದ ಮೇಲೋ? ಎಣ್ಣೆ ಕರಿದೋ, ಜೇನಿನ ಬಣ್ಣದ್ದೋ? ಮೂಸಿ ನೋಡಿದಿರಾ? ನಾನು ಮೂಸಿರಲಿಲ್ಲ. ಅವರು ಕಲೆಯನ್ನು ಬೆರಳಿನಿಂದ ತೀಡಿ ಮೂಸಿ, ನನ್ನ ಮೂಗಿಗೂ ಹಿಡಿದರು. ಗಂಧಕದಂಥ ಕಟು ವಾಸನೆ. ಎಂಜಿನಿನ ಎಣ್ಣೆಯಾಗಿದ್ದರೆ ಕಪ್ಪಾಗಿ ಹೊಗೆಯ ನಾತ ಬರುತ್ತಿತ್ತು. ಬ್ರೇಕಿನದಾದರೆ ನೀರಿನಂತೆ ತೆಳ್ಳಗಿರುತ್ತಿತ್ತು. ಇದು ಗೇರಿನ ಎಣ್ಣೆ, 90ನೆಯ ಅಂಕದ್ದು. ಇಷ್ಟು ತಿಳಿಯಲು ಪಾನಾ ಬೇಕಾಗಲಿಲ್ಲ.

ಜೀಪಿನಲ್ಲಿ ಗೇರಿನ ಪೆಟ್ಟಿಗೆಗಳು ಎರಡು. ಎಂಜಿನಿನ ಬೆನ್ನಿಗೆ ಮೂರು ಗೇರುಗಳ ಪೆಟ್ಟಿಗೆ. ಅದರ ಬೆನ್ನಿಗೆ ಟ್ರಾನ್ಸ್‌ಫರ್ ಕೇಸ್ ಎಂಬ ಮತ್ತೊಂದು. ಈ ಎರಡನೆಯದು ಬಲವನ್ನು ಮುಂದಿನ ಗಾಲಿಗಳಿಗೂ ಹಿಂದಿನ ಗಾಲಿಗಳಿಗೂ ಹಂಚುತ್ತದೆ. ಕೆಸರು ಹಳ್ಳಗಳಲ್ಲಿ ಬೇಕಾದರೆ ವೇಗವನ್ನು ತಗ್ಗಿಸಿ ಎಳೆತವನ್ನು ಸುಮಾರು ಎರಡೂವರೆ ಪಟ್ಟು ಹೆಚ್ಚಿಸುತ್ತದೆ. ಅದರ ಹಿಂದಣ ಬಾಯಿಂದ ಹೊರಡುವ ಯೋಕ್ ಎಂಬ ಕವಲುಗೊರಳಿಗೆ ಹಿಂದಿನ ಪ್ರೊಪೆಲ್ಲರ್ ಶಾಫ್ಟು ಕಟ್ಟಿರುತ್ತದೆ. ಹ್ಯಾಂಡ್ ಬ್ರೇಕಿನ ಡ್ರಮ್ಮು ಇರುವುದೂ ಅಲ್ಲಿಯೇ. ಬೇರೆ ಮೋಟಾರುಗಳಲ್ಲಿ ಹ್ಯಾಂಡ್ ಬ್ರೇಕು ಗಾಲಿಗಳನ್ನು ಹಿಡಿಯುತ್ತದೆ. ಈ ಜೀಪಿನಲ್ಲಿ ಹಾಗಲ್ಲ, ಅದು ಈ ಕೊರಳನ್ನು ಹಿಡಿಯುತ್ತದೆ. ಆದುದರಿಂದ ಅಲ್ಲಿ ಎಣ್ಣೆ ಸೋರಿತೆಂದರೆ ಅಂಗಳ ಕೆಡುವುದಕ್ಕಿಂತ ಮೊದಲು ಬ್ರೇಕು ಕೆಡುತ್ತದೆ. ಲೈನಿಂಗು ಎಣ್ಣೆ ಕುಡಿದರೆ ಸಾಬೂನು ಹಚ್ಚಿದ ಕೈಯಂತೆ ಜಾರುವುದೇ ಹೊರತು ಹಿಡಿಯಲಾರದು. ಮಳಖೇಡದಲ್ಲಿ ಆದುದು ಇದೇ. ರಂಗೋಲಿಯ ಜಾಗದ ಕಲೆಗೂ ಅವ್ವನ ಪ್ರಾಣಕ್ಕೂ ಇದ್ದ ನಂಟು ನನಗೆ ಆ ಕಟ್ಟೆಯ ಮೇಲೆ ಕುಳಿತಾಗಲೇ ತಿಳಿದುದು.

“ಹಾಗಾದರೆ ಆ ಗ್ಯಾರೇಜಿನವರು ಹೇಳಿದ ಸೀಲೇ ಅಲ್ಲವೇ?” ಎಂದೆನು.

“ಎಣ್ಣಿ ಕಂಡಲ್ಲಿ ಹುಡುಕಬಾರದ್ರಿ, ಹೊಂಟಲ್ಲಿ ಹುಡುಕಬೇಕು” ಎಂದರು ಉಸ್ತಾದರು.

ಮೊದಲು ಗಾಡಿಯ ತಳವನ್ನೆಲ್ಲ ಡೀಸೆಲಿನಲ್ಲಿ ಅದ್ದಿದ ಕುಂಚದಿಂದ ತಿಕ್ಕಿ ತೊಳೆದೆವು. ನಮ್ಮ ಎರೆಮಣ್ಣೂ ಸಿಮೆಂಟಿನ ಲಾರಿಗಳು ಎಬ್ಬಿಸುವ ಬಿಳಿಯ ಧೂಳೂ ಎಣ್ಣೆಯೊಡನೆ ಕಲೆತು, ಬೆರಳುಗಾತ್ರದ ಕಣಕದಂತೆ ಮೆತ್ತಿಕೊಂಡಿತ್ತು. ಅದನ್ನು ಕೆರೆದು ತೆಗೆಯಲು ಮಧ್ಯಾಹ್ನವಾಯಿತು. ಬಳಿಕ ಉಸ್ತಾದರು ಸುಣ್ಣದ ಪುಡಿ ಕೇಳಿದರು, ಕೇಳಿದವರೇ, “ಬ್ಯಾಡ, ಕಣ್ಣಿಗೆ ಬಿದ್ರ ಸುಡ್ತದ, ನಿಮ್ಮ ಸಾಲಿ ಖಡು ಇಲ್ಲೇನ್ರಿ?” ಎಂದರು. ನಿವೃತ್ತ ಮಾಸ್ತರನ ಮನೆಯಲ್ಲಿ ಸೀಮೆಸುಣ್ಣಕ್ಕೆ ಬರವೇ? ಎರಡು ಡಬ್ಬಿ ತಂದುಕೊಟ್ಟೆನು. ಅದನ್ನು ಪುಡಿಮಾಡಲು ಮನೆಯಾಕೆಯ ಕಲ್ಬತ್ತನ್ನೇ ಬೇಡಬೇಕಾಯಿತು. ಆ ಸಂಧಾನವು ಹೇಗೆ ನಡೆಯಿತೆಂಬುದನ್ನು ಇಲ್ಲಿ ವಿಸ್ತರಿಸುವುದಿಲ್ಲ. ತೆಳ್ಳನೆಯ ಬಟ್ಟೆಯಲ್ಲಿ ಪುಡಿಯನ್ನು ಗಂಟುಕಟ್ಟಿ, ಒಣಗಿದ ಪೆಟ್ಟಿಗೆಗಳ ಮೇಲೆಲ್ಲ ತಟ್ಟಿ ತಟ್ಟಿ ಉದುರಿಸಿದರು. ಗಾಡಿಯ ಹೊಟ್ಟೆ ಹಬ್ಬದ ಗೋಡೆಯಂತೆ ಬೆಳ್ಳಗಾಯಿತು. ಹಾಗೆಯೇ ಮಳಖೇಡದ ಕಡೆಗೆ ಸುಮಾರು 10 ಕಿಲೋಮೀಟರು ಓಡಿಸಿಕೊಂಡು ಹೋಗಿ ಹಿಂದಿರುಗಿದೆವು.

ಚಾಪೆ ಹಾಸಿ ಇಬ್ಬರೂ ಕೆಳಗೆ ಹೊಕ್ಕೆವು. ಅರುವತ್ತು ದಾಟಿದ ಮೇಲೆ ಹೊಸ ವಿದ್ಯೆಯನ್ನು ಬೆನ್ನಮೇಲೆ ಮಲಗಿ ಕಲಿಯುವುದು ವಿಚಿತ್ರವಾದ ಅನುಭವ. ಓಡುವ ಗಾಡಿಯಲ್ಲಿ ಎಣ್ಣೆಯು ಗಾಳಿಯ ಹೊಡೆತಕ್ಕೆ ಹಿಂದಕ್ಕೂ ತನ್ನ ಭಾರಕ್ಕೆ ಕೆಳಕ್ಕೂ ಹರಿಯುತ್ತದೆ. ಆದುದರಿಂದ ನೆನೆದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದೂ ಮುಂದಿನದೂ ಯಾವುದೋ ಅದೇ ಮೂಲ. ಮಿಕ್ಕುವೆಲ್ಲ ಅದರ ಸಂತಾನ. ಬಿಳಿಯ ಪುಡಿಯ ಮೇಲೆ ಕಂದುಗೆರೆಗಳು ಚೆನ್ನಾಗಿ ಮೂಡಿದ್ದುವು. ಕೆಳಗಿನ ಎಣ್ಣೆ ಬಿಡುವ ಬಿರಡೆ ಒಣಗಿತ್ತು. ಸ್ಪೀಡೋಮೀಟರಿನ ಕೇಬಲ್ಲು ಸೇರುವ ಜಾಗ ಒಣಗಿತ್ತು. ಎರಡು ಪೆಟ್ಟಿಗೆಗಳು ಕೂಡುವ ಸಂದೂ ಒಣಗಿತ್ತು. ಡ್ರಮ್ಮಿನ ಅಂಚಿನಿಂದ ಮಾತ್ರ ಸೂರ್ಯನ ಕಿರಣಗಳಂತೆ ಸುತ್ತಲೂ ಸಿಡಿದ ಗೆರೆಗಳು. ತಿರುಗುವ ಡ್ರಮ್ಮು ಒಳಗೆ ಸೋರಿದುದನ್ನು ಹೊರಕ್ಕೆ ಎಸೆದಿತ್ತು. ಎಂದರೆ ಹಿಂದಿನ ಸೀಲಿನ ಬಾಯೇ.

“ಹೊಸ ಸೀಲು ಯಾಕ ಸೋರಬೇಕು?” ಎಂದು ಉಸ್ತಾದರು ತಮ್ಮನ್ನೇ ಕೇಳಿಕೊಂಡಂತೆ ಕೇಳಿ, ಪಾನಾ ತೆಗೆದುಕೊಂಡು ಟ್ರಾನ್ಸ್‌ಫರ್ ಕೇಸಿನ ಮಗ್ಗುಲಲ್ಲಿರುವ, ಎಣ್ಣೆ ತುಂಬುವ ಬಿರಡೆಯನ್ನು ಸಡಿಲಿಸಿದರು. ನಿಯಮದಂತೆ ಎಣ್ಣೆಯು ಆ ತೂತಿನ ಕೆಳಗಿನ ಅಂಚಿಗೆ ಸಮನಾಗಿರತಕ್ಕದ್ದು. ಬಿರಡೆ ಕೈಗೆ ಬರುವಷ್ಟರಲ್ಲಿ ಎಣ್ಣೆ ನಲ್ಲಿಯಂತೆ ಸುರಿಯಿತು. ಅವರ ತೋಳು ನೆನೆಯಿತು, ಚಾಪೆ ನೆನೆಯಿತು. ಹಿಡಿದ ತಟ್ಟೆ ತುಂಬಿತು.

“ಇಷ್ಟು ಎಣ್ಣಿ ಯಾರು ಹೊಯ್ದಾರ?”

ನಾನು ಹೊಯ್ದವನು. ಆದರೆ ಅಲ್ಲಿ ಹೊಯ್ದವನಲ್ಲ. ಸೋರುತ್ತಿದೆಯಲ್ಲಾ, ಒಣಗಿ ಗೇರುಗಳು ಹಾಳಾದಾವೆಂಬ ಭಯದಿಂದ ಪ್ರತಿ ಭಾನುವಾರ ಮುಂದಿನ ಗೇರು ಪೆಟ್ಟಿಗೆಯ ಬಿರಡೆಯನ್ನು ತೆಗೆದು ನೋಡುವೆನು, ಸ್ವಲ್ಪ ತಗ್ಗಿದಂತೆ ಕಾಣುವುದು, ತುಂಬುವೆನು. ಹಿಂದಿನ ಪೆಟ್ಟಿಗೆಗೆ ಬೇರೆಯ ಬಿರಡೆಯುಂಟೆಂಬುದು ನನಗೆ ಗೊತ್ತಿದ್ದರೂ ಅದನ್ನು ಮುಟ್ಟುತ್ತಿರಲಿಲ್ಲ. ಉಸ್ತಾದರು ವಿವರಿಸಿದರು: ಎರಡು ಪೆಟ್ಟಿಗೆಗಳ ನಡುವೆ ಶಾಫ್ಟು ದಾಟುವ ಬೇರಿಂಗಿನ ಸಂದಿನಿಂದ ಒಂದರ ಎಣ್ಣೆ ಇನ್ನೊಂದಕ್ಕೆ ಇಳಿಯುವುದು ಈ ಹಳೆಯ ಜೀಪುಗಳಲ್ಲಿ ಸಾಮಾನ್ಯ. ನಾನು ಮುಂದೆ ಹೊಯ್ದುದು ಹಿಂದಕ್ಕೆ ಸರಿಯುತ್ತಿತ್ತು. ಹಿಂದಿನದು ಕಂಠಮಟ್ಟ ತುಂಬಿ ಸೀಲಿನ ಮೇಲೆ ಒತ್ತುತ್ತಿತ್ತು. ಅದು ಸೋರುವುದನ್ನು ಕಂಡು ನಾನು ಮತ್ತೆ ಮುಂದೆ ಹೊಯ್ಯುತ್ತಿದ್ದೆನು. ಅಂಗಳವನ್ನು ಕೆಡಿಸಿದವನು ಅರ್ಧಕ್ಕರ್ಧ ನಾನೇ! ಬಾಗಿಲಲ್ಲಿ ನಿಂತಿದ್ದ ಮನೆಯಾಕೆ ಇದನ್ನೆಲ್ಲ ಕೇಳಿಸಿಕೊಂಡು ಒಳಗೆ ಹೋದಳು. ಅವ್ವನೊಡನೆ ಏನೋ ಹೇಳಿದುದೂ, ಇಬ್ಬರೂ ನಕ್ಕುದೂ ನನಗೆ ಗಾಡಿಯ ಕೆಳಗಿನಿಂದಲೇ ಕೇಳಿಸಿತು.

ಅರ್ಧ ಅಪರಾಧಿ ಇನ್ನೊಬ್ಬನಿದ್ದನು. ಟ್ರಾನ್ಸ್‌ಫರ್ ಕೇಸಿಗೆ ಬ್ರೀದರ್ ಎಂಬ ಸಣ್ಣದೊಂದು ಉಸಿರುಗೊಳವೆಯುಂಟು. ಓಡುವಾಗ ಎಣ್ಣೆಯೂ ಒಳಗಿನ ಗಾಳಿಯೂ ಕಾಯುತ್ತವೆ. ಕಾದ ಗಾಳಿ ಹಿಗ್ಗುತ್ತದೆ. ಹಿಗ್ಗಿದುದು ಆ ಕೊಳವೆಯಿಂದ ಹೊರಗೆ ಹೋಗಬೇಕು. ನಮ್ಮದರ ಬಾಯಿ ಸಿಮೆಂಟಿನ ಧೂಳಿನಿಂದ ಗಾರೆ ಹಾಕಿದಂತೆ ಮುಚ್ಚಿಹೋಗಿತ್ತು. ಮುಚ್ಚಳಕ್ಕೆ ಕಲ್ಲು ಹೇರಿದ ಅನ್ನದ ಗಡಿಗೆಯಂತೆ, ಹಬೆಗೆ ದಾರಿ ಕಾಣದಿದ್ದರೆ ಅಂಚಿನಿಂದ ಗಂಜಿ ಉಕ್ಕಲೇಬೇಕು. ಹೊಸ ಸೀಲೂ ಆ ಒತ್ತಡದ ಮುಂದೆ ಏನು ಮಾಡೀತು? ಉಸ್ತಾದರು ಸ್ಟೋವಿನ ಪಿನ್ನಿನಂಥ ತಂತಿಯಿಂದ ಚುಚ್ಚಿ, ಡೀಸೆಲಿನಲ್ಲಿ ಅದ್ದಿ, ಬಾಯಿಂದ ಊದಿ ನೋಡಿದರು. ಗಾಳಿ ಆಡಿತು.

ಇಷ್ಟಾದರೂ ಅವರಿಗೆ ಸಮಾಧಾನವಿಲ್ಲ. ಪ್ರೊಪೆಲ್ಲರ್ ಶಾಫ್ಟನ್ನು ಬಿಚ್ಚಿ ಮಗ್ಗುಲಿಗೆ ಕಟ್ಟಿ, ಯೋಕಿನ ನಟ್ಟಿನಿಂದ ಸ್ಪ್ಲಿಟ್ ಪಿನ್ನನ್ನು ಎಳೆದು, ಡ್ರಮ್ಮು ಯೋಕುಗಳನ್ನು ಕೂಡಿಯೇ ಹೊರತೆಗೆದರು. ಒಳಗಿನ ಸೀಲು ಹೊಸದೇ. ರಬ್ಬರಿನ ತುಟಿ ಎಲ್ಲಿಯೂ ಹರಿದಿರಲಿಲ್ಲ. ಅವರು ನನ್ನ ಹೆಬ್ಬೆರಳನ್ನು ಹಿಡಿದು ಯೋಕಿನ ಕೊರಳಿನ ಮೇಲೆ ಉಗುರನ್ನು ಎಳೆಸಿದರು. ಉಗುರು ಒಂದು ಕಡೆ ತೊಡಕಿತು. ಆ ತುಟಿ ಐವತ್ತು ವರ್ಷ ಉಜ್ಜಿದ ಕಡೆಯಲ್ಲಿ ಉಕ್ಕಿನ ಮೇಲೆ ಸುತ್ತಲೂ ಒಂದು ಹಳ್ಳ ಬಿದ್ದಿತ್ತು. ಬಾವಿಯ ದಂಡೆಯ ಕಲ್ಲನ್ನು ಸೇದುವ ಹಗ್ಗ ಸವೆಸುವುದನ್ನು ಕಂಡವರಿಗೆ ಇದು ಹೊಸತಲ್ಲ. ಮೆತ್ತಗಿನದರಲ್ಲಿ ಧೂಳಿನ ಕಣ ಸಿಕ್ಕಿಕೊಂಡರೆ ಅದು ಗಟ್ಟಿಯಾದುದನ್ನು ಅರದಂತೆ ಕೊರೆಯುತ್ತದೆ. ಹೊಸ ಸೀಲನ್ನು ಹಳೆಯ ಹಳ್ಳದ ಮೇಲೆ ಕೂಡಿಸಿದರೆ ಸೋರದೆ ಏನಾದೀತು?

ಇದಕ್ಕೆ ಉಪಾಯ ಎರಡು. ಸೀಲನ್ನು ಒಂದೆರಡು ಮಿಲಿಮೀಟರು ಹಿಂದೆ ಮುಂದೆ ಕೂಡಿಸಿ, ಅದರ ತುಟಿ ಸವೆಯದ ಕಡೆ ಬರುವಂತೆ ಮಾಡುವುದು ಸುಲಭವಾದುದು. ಕೊರಳನ್ನು ಲೇತಿನಲ್ಲಿ ಕಡೆಸಿ ಅದರ ಮೇಲೆ ಉಕ್ಕಿನ ತೆಳುವಾದ ಬಳೆಯನ್ನು ಒತ್ತಿ ಕೂಡಿಸುವುದು ಕಷ್ಟದ್ದು, ಆದರೆ ಬಾಳುವಂಥದು. ನಾನು ಸುಲಭವಾದುದನ್ನೇ ಮಾಡಿರೆಂದೆನು. ದೀಪಾವಳಿಗೆ ಮೂರೇ ವಾರವಿತ್ತು. ಉಸ್ತಾದರು ಒಪ್ಪಲಿಲ್ಲ. “ಅಮ್ಮಾಜಿ ಕೂಡುವ ಗಾಡಿ ಅದ” ಎಂದು ಯೋಕನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಶಹಾಬಾದಿನಲ್ಲಿ ಸಿಮೆಂಟಿನ ಯಂತ್ರಗಳನ್ನೂ ಬಾಯ್ಲರುಗಳನ್ನೂ ಕಟ್ಟುತ್ತಿದ್ದ ದೊಡ್ಡ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಅವರ ಗೆಳೆಯರೊಬ್ಬರು ಮನೆಯ ಹಿತ್ತಿಲಲ್ಲಿ ಲೇತು ಇಟ್ಟುಕೊಂಡಿದ್ದಾರಂತೆ. ಬ್ರೇಕಿನ ಲೈನಿಂಗಿನ ಚಪ್ಪಲಿಗಳನ್ನೂ ಕೊಂಡುಹೋದರು. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದರೆ ಸಾಲದೇ ಎಂದು ಕೇಳಿದೆನು. ಮೇಲೆ ತೊಳೆದರೂ ಕಾದಾಗ ಒಳಗಿನ ಎಣ್ಣೆ ಮತ್ತೆ ಬೆವರುತ್ತದೆ, ಹೊಸದನ್ನೇ ಹಚ್ಚಿಸಬೇಕೆಂದರು.

ಹೊರಡುವ ಮುನ್ನ ಪಾನಾಗಳನ್ನು ಒರೆಸಲು ಬಟ್ಟೆ ಹುಡುಕುತ್ತ ಅವರು ಸೀಟಿನ ಕೆಳಗಿನ ಸಾಮಾನಿನ ಪೆಟ್ಟಿಗೆಯನ್ನು ತೆರೆದರು. ಅದರಲ್ಲಿ ಕಿತ್ತುಹೋದ ರಟ್ಟಿನ ಒಂದು ವಹಿ ಇತ್ತು. ಅದು ಅಲ್ಲಿರುವುದು ನನಗೆ ಗೊತ್ತಿತ್ತು, ತಂದೆಯವರದು. ಆದರೆ ಅದು ಉರ್ದುವಿನಲ್ಲಿದೆ. ನಮ್ಮ ಭಾಗವು 1948ರ ಸಪ್ಟೆಂಬರಿನವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದುದನ್ನು ವಾಚಕರು ಬಲ್ಲರು. ಆಗ ಮೇಲಿನ ತರಗತಿಗಳ ಪಾಠವೆಲ್ಲ ಉರ್ದುವಿನಲ್ಲಿ. ಮನೆಯಲ್ಲಿ ಅಚ್ಚಗನ್ನಡವನ್ನಾಡುತ್ತಿದ್ದ ತಂದೆಯವರು ಲೆಕ್ಕಪತ್ರಗಳನ್ನು ಕಡೆಯವರೆಗೂ ಆ ಲಿಪಿಯಲ್ಲಿಯೇ ಬರೆದರು. ನನ್ನ ಓದು ಪೂರ್ತಿ ಕನ್ನಡದಲ್ಲಾಯಿತು. ಹೀಗಾಗಿ ತಂದೆಯ ಕೈಬರಹ ಮಗನಿಗೆ ಬರಿಯ ಗೆರೆ ಚುಕ್ಕೆಗಳು. ಹದಿನೈದು ವರ್ಷ ಅದನ್ನು ಗಾಡಿಯೊಡನೆ ಒರೆಸಿ ಒರೆಸಿ ಇಟ್ಟಿದ್ದೆನೇ ಹೊರತು ಯಾರಿಂದಲೂ ಓದಿಸಬೇಕೆಂಬ ಬುದ್ಧಿ ಹುಟ್ಟಿರಲಿಲ್ಲ.

ಉಸ್ತಾದರು ಕನ್ನಡಕವನ್ನು ಹಾಕಿಕೊಂಡು, ಬಲಗಡೆಯಿಂದ ಹಾಳೆ ತೆರೆದರು. ಓದುತ್ತ ಓದುತ್ತ ಒಂದು ಕಡೆ ನಿಂತು, ಬೆರಳಿಟ್ಟು, ಕನ್ನಡದಲ್ಲಿ ಹೇಳಿದರು. ಎಣ್ಣೆಯನ್ನು ಮುಂಜಾನೆ, ಗಾಡಿ ಹೂಡುವ ಮುನ್ನ, ಸಮನಾದ ನೆಲದಲ್ಲಿ ನೋಡತಕ್ಕದ್ದು. ಎರಡು ಬಿರಡೆಗಳನ್ನೂ ತೆಗೆದು ನೋಡತಕ್ಕದ್ದು. ಒಂದನ್ನೇ ನೋಡಿ ಹೊಯ್ಯಕೂಡದು. ಎರಡನೆಯ ಪುಟದಲ್ಲಿಯೇ ಇತ್ತು, ಕೆಳಗೆ ಗೆರೆಯೆಳೆದು. ನಾನು ತಲೆಯೆತ್ತಲಿಲ್ಲ.

ಆಗ ಅವ್ವ ಒಳಗಿನಿಂದ ಬಂದು ಹೊಸ್ತಿಲ ಮೇಲೆ ಕುಳಿತಳು. “ಇನ್ನ ಏನ್ ಬರದಾರ್ರೀ ಉಸ್ತಾದರೆ?” ಎಂದು ಕೇಳಿದಳು. ಪೆಟ್ರೋಲಿನ ಲೆಕ್ಕ, ಟಯರಿನ ಲೆಕ್ಕ, ತೊಗರಿಯ ಬಾಡಿಗೆ, ಯಾರಿಂದಲೋ ಬರಬೇಕಾದ ಬಾಕಿ. ಉಸ್ತಾದರು ಅವನ್ನೆಲ್ಲ ದಾಟಿಸುತ್ತ ಹೋಗಿ 1975ರ ಆಗಸ್ಟಿನಲ್ಲಿ ನಿಂತರು. ಅಲ್ಲಿದ್ದುದು ಇಷ್ಟು: ರಾತ್ರಿ ಹಳ್ಳ ದಾಟಿದ್ದು, ನೀರು ಗಾಡಿಯ ತಳದ ಹಲಗೆಯವರೆಗೆ, ಗುಲ್ಬರ್ಗಾ ಮುಟ್ಟಿದ್ದು ನಸುಕಿನಲ್ಲಿ, ಎರಡು ಪೆಟ್ಟಿಗೆಯಲ್ಲೂ ನೀರು ಸೇರಿ ಎಣ್ಣೆ ಹಾಲಿನಂತಾದದ್ದು, ಅಲ್ಲಿಯೇ ಎಣ್ಣೆ ಬದಲಿಸಿದ್ದು, ಅದರ ಬೆಲೆ. ಅದರ ಮುಂದೆ ಅದೇ ಸಾಲಿನಲ್ಲಿ,  ಗಂಡು ಮಗು, ಇಬ್ಬರೂ ಕ್ಷೇಮ.

ಆ ಮಗು ನನ್ನ ತಮ್ಮ.

ಆ ರಾತ್ರಿ ನಾನು ಹದಿನೈದರ ಹುಡುಗ. ಮನೆಯಲ್ಲಿ ತಂಗಿಯರನ್ನು ನೋಡಿಕೊಳ್ಳಲು ಬಿಟ್ಟಿದ್ದರು. ಹಳ್ಳ ಬಂದಿತ್ತೆಂದು ಕೇಳಿದ್ದೆನೇ ಹೊರತು ನೀರು ಅಷ್ಟು ಏರಿತ್ತೆಂದು ಯಾರೂ ಹೇಳಿರಲಿಲ್ಲ. ಅವ್ವನನ್ನು ನೋಡಿದೆನು. ಆಕೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, “ಎಣ್ಣಿ ದುಡ್ಡು ಬರದಾರ, ನಾ ಅತ್ತಿದ್ದು ಬರದಿಲ್ಲ” ಎಂದಳು. ಸ್ವಲ್ಪ ಹೊತ್ತಿನ ಮೇಲೆ, “ಅವರೂ ಅತ್ತಿದ್ರು” ಎಂದಳು.

ಯೋಕು ಹತ್ತು ದಿನಕ್ಕೆ ಬಂತು. ಶಹಾಬಾದಿನ ಆ ಹಿರಿಯರು ಕೂಡಿಸಿದ ಬಳೆ ಎಷ್ಟು ನುಣುಪಾಗಿತ್ತೆಂದರೆ, ಕಣ್ಣಿಗೆ ಸಂದು ತೋರದು, ಉಗುರಿಗೆ ತೊಡಕದು. ಹೊಸ ಸೀಲನ್ನು ಸ್ಪ್ರಿಂಗಿರುವ ಮಗ್ಗುಲು ಎಣ್ಣೆಯ ಕಡೆಗೆ ಬರುವಂತೆ, ತುಟಿಗೆ ಗ್ರೀಸು ಸವರಿ, ಮರದ ತುಂಡಿನಿಂದ ಸುತ್ತಲೂ ಸಮನಾಗಿ ತಟ್ಟಿ ಕೂಡಿಸಿದರು. ಯೋಕನ್ನು ತೊಡಿಸುವ ಮುನ್ನ ಶಾಫ್ಟಿನ ಹಲ್ಲುಗಳಿಗೆ ಅಂಟು ಹಚ್ಚಿದರು. ಸೀಲು ಎಷ್ಟೇ ಚೆನ್ನಾಗಿದ್ದರೂ ಎಣ್ಣೆಯು ಆ ಹಲ್ಲುಗಳ ಸಂದಿನಲ್ಲಿ ತೆವಳಿಕೊಂಡು ನಟ್ಟಿನ ಕೆಳಗಿನಿಂದ ಹೊರಬರುವುದುಂಟಂತೆ. ಅದನ್ನೂ ಸೀಲಿನ ತಲೆಗೇ ಕಟ್ಟುವವರು ಬಹಳ ಮಂದಿ ಎಂದರು. ಎರಡು ಪೆಟ್ಟಿಗೆಗಳ ಹಳೆಯ ಎಣ್ಣೆಯನ್ನೂ ಬಿಟ್ಟು ಹೊಸದನ್ನು ಹೊಯ್ದುದು ನಾನೇ, ಅವರ ಕಣ್ಣಮುಂದೆ. ಮೊದಲು ಒಂದು ಬಿರಡೆ, ಬಳಿಕ ಇನ್ನೊಂದು. ಗೇರೆಣ್ಣೆಗಳಲ್ಲಿ ಜಿಎಲ್-4, ಜಿಎಲ್-5 ಎಂದು ಭೇದವಿದೆ. ಎರಡನೆಯದರಲ್ಲಿ ಬೆರೆಸುವ ದ್ರವ್ಯಗಳು ಕೆಲವು ಹಳೆಯ ಪೆಟ್ಟಿಗೆಗಳ ಹಿತ್ತಾಳೆ ಕಂಚಿನ ಭಾಗಗಳನ್ನು ತಿನ್ನಬಹುದಾದುದರಿಂದ ಮೊದಲನೆಯದನ್ನೇ ತರಿಸಿದ್ದೆನು. ಅಂಗಡಿಯವನು ಹೆಚ್ಚಿನ ಅಂಕಿಯೇ ಮೇಲೆಂದು ವಾದಿಸಿದನು, ನಾನು ಸೋಲಲಿಲ್ಲ.

ಬಳಿಕ ರಾಷನ್ ಅಂಗಡಿಯ ಹಿಂದಿನ ಏರಿಗೆ ಗಾಡಿಯನ್ನು ಒಯ್ದು, ನಡುವೆ ನಿಲ್ಲಿಸಿ, ಹ್ಯಾಂಡ್ ಬ್ರೇಕೆಳೆದು, ಗೇರು ಬಿಡಿಸಿ, ಇಬ್ಬರೂ ಕೆಳಗಿಳಿದು ಹಿಂದೆ ನಿಂತೆವು. ಉಸ್ತಾದರು ಒಂದು ಕಲ್ಲನ್ನು ಗಾಲಿಯ ಹಿಂದೆ ಗೇಣುದ್ದ ಬಿಟ್ಟು ಇಟ್ಟಿದ್ದರು. ಗಾಡಿ ಆ ಗೇಣನ್ನು ದಾಟಲಿಲ್ಲ.

ಕೆಳಗೆ ಒಂದು ರಟ್ಟನ್ನು ಹಾಸಿ ಹದಿನೈದು ದಿನ ಕಾದೆನು. ಮೊದಲ ವಾರದಲ್ಲಿ ಒಂದು ಹನಿ ಕಂಡಿತು. ಮೂಸಿ ನೋಡಿದರೆ ಎಂಜಿನಿನದು. ಅದನ್ನು ಸದ್ಯಕ್ಕೆ ಮನೆಯಾಕೆಗೆ ಹೇಳಿಲ್ಲ. ಫರಸಿಯ ಮೇಲಿನ ಹಳೆಯ ಕಲೆ ಹೋಗಲಿಲ್ಲ. ಆಕೆ ಅದರ ಮೇಲೆಯೇ, ಅದನ್ನೇ ನಡುವಿನ ಚುಕ್ಕೆ ಮಾಡಿಕೊಂಡು, ದೀಪಾವಳಿಯ ರಂಗೋಲಿ ಹಾಕಿದಳು. ತಮ್ಮನು ಹಬ್ಬಕ್ಕೆ ಬಂದವನು ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಹ್ಯಾಂಡ್ ಬ್ರೇಕನ್ನು ತಾನೇ ಎಳೆದು, ಗಾಡಿಯನ್ನು ಹಿಂದಿನಿಂದ ತಳ್ಳಿ ನೋಡಿದನು. ಮಾರುವ ಮಾತನ್ನು ಎತ್ತಲಿಲ್ಲ, ಒಪ್ಪಿದೆನೆಂದೂ ಹೇಳಲಿಲ್ಲ. ಊಟವಾದ ಮೇಲೆ ವಹಿಯನ್ನು ತೊಡೆಯ ಮೇಲಿಟ್ಟುಕೊಂಡು, ತನಗೂ ಓದಲು ಬಾರದ ಆ ಸಾಲನ್ನು ಅವ್ವನಿಂದ ತೋರಿಸಿಕೊಂಡನು. ಅವ್ವನಿಗೂ ಓದಲು ಬಾರದು. ಆದರೆ ಉಸ್ತಾದರು ಬೆರಳಿಟ್ಟ ಜಾಗವನ್ನು ಆಕೆ ನೆನಪಿಟ್ಟಿದ್ದಳು.

“ಉಳಿದ ಹಾಳೆಗಳಲ್ಲಿ ಏನಿದೆ?” ಎಂದು ಅವನು ನನ್ನನ್ನು ಕೇಳಿದನು. ಉಸ್ತಾದರಿಗೆ ಫೋನು ಮಾಡಿದೆವು. ಭಾನುವಾರದ ಮುಂಜಾನೆಯ ಗಾಡಿಗೆ ಬರುವೆನೆಂದರು.